ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಹೈದರಾಬಾದಿನಲ್ಲಿ, ನಾಚಾರಂನ ಎಚ್‌ಎಂಟಿ ನಗರದ ಒಂದು ಮನೆ. ರಾತ್ರಿ ಪಾಳಿ ಮುಗಿಸಿ ಬಂದಿರುವ ಹುಡುಗಿ ಬೀದರ ಕಡೆಯವಳು. ಹತ್ತಿರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸ್ಟಾಫ್ ನರ್ಸ್ ಆಗಿ ಹೊಸದಾಗಿ ಸೇರಿದ್ದಾಳೆ, ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಮನೆಯಾಕೆ ಅವಳ ಸೋದರತ್ತೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತರಾದವರು.

— ಬಂದಾಗಿಂದ ನೋಡ್ಲಿಕತ್ತೀನಿ, ಚಹಾ ಮುಟ್ಟೇ ಇಲ್ಲ ನೀ. ಏನಾಗ್ಯಾದ ಹೇಳು.

— ಏನಿಲ್ಲ ಅತ್ತಿ. ನಿದ್ದಿ ಇಲ್ಲ, ಅಷ್ಟೇ.

— ನಿದ್ದಿಗೆಟ್ಟ ಮಾರಿ ಹ್ಯಾಂಗಿರ್ತದ ಅಂತ ನನಗ ಗೊತ್ತಿಲ್ಲೇನು? ವಾರ್ಡಿನಾಗ ಏನರ ಆಯ್ತೇನು?

— ಒಬ್ಬ ಅಜ್ಜನ ಸಕ್ಕರಿ ಪೂರಾ ಇಳದು ಹೋಯ್ತು. ಬೆಡ್ ಹನ್ನೊಂದು. ಮಲ್ಲಾಪುರದಾಗ ಫ್ಯಾಕ್ಟರಿ ಕೆಲಸ ಮಾಡಿ ರಿಟೈರ್ ಆದವರು, ಕಾಲಿನ ಗಾಯಕ್ಕ ಅಡ್ಮಿಟ್ ಆಗ್ಯಾರ. ಹನ್ನೆರಡೂವರಿ ಸುಮಾರು ಹೋಗಿ ನೋಡಿದ್ರ ಹಾಸಿಗಿ ಎಲ್ಲಾ ಬೆವರಿಗಿ ತೊಯ್ದದ, ಕರದ್ರ ಮಾತಿಲ್ಲ. ರಕ್ತದ ಸಕ್ಕರಿ ನೋಡಿದ್ವಿ, ಜಿಆರ್‌ಬಿಎಸ್ 38.

— ಡಿ-25 ಗ್ಲೂಕೋಸ್ ಕೊಟ್ರೇನು?

— ಕೊಟ್ವಿ, ಎದ್ರು. ಮುಂಜಾನಿ ಕೈ ಮುಗದು, ನೀ ನನ್ನ ಜೀವ ಉಳಿಸಿದಿ ಅಂದ್ರು. ಅದೇ ನನಗ ತಡಕೊಳ್ಳಲಿಕ್ಕ ಆಗವಲ್ದು.

— ಅದರಾಗ ತಡಕೊಳ್ಳಲಾರದ್ದು ಏನದ?

— ಸಕ್ಕರಿ ಇಳಿಸಿದವರೂ ನಾವೇ ಅತ್ತಿ.

— ಬಿಡಿಸಿ ಹೇಳು.

— ಕೇಸ್ ಶೀಟಿನಾಗ 20 ಯೂನಿಟ್ ಇನ್ಸುಲಿನ್ ಅಂತ ಅದ. ನಮ್ಮಲ್ಲಿ ಯಾವಾಗ್ಲೂ 40 ಐಯು ವಯಲ್, ಕೆಂಪು ಮುಚ್ಚಳದ ಸಿರಿಂಜು. ನಿನ್ನಿ ಫಾರ್ಮಸಿದಾಗ 40ರ ಸ್ಟಾಕ್ ಇಲ್ಲ ಅಂತ 100 ಐಯು ವಯಲ್ ಕಳಿಸ್ಯಾರ, ಅದರ ಜೋಡಿ ಕಿತ್ತಳೆ ಮುಚ್ಚಳದ ಸಿರಿಂಜೂ ಕಳಿಸ್ಯಾರ. ಎರಡೂ ನಮೂನಿ ಸಿರಿಂಜು ಒಂದೇ ಟ್ರೇದಾಗ ಬಿದ್ದಾವ. ಸೀನಿಯರ್ ಅಕ್ಕ ಕೆಂಪಿನಾಗ ಎಳದ್ರು, ಇಪ್ಪತ್ತರ ಗೆರಿ ತನಕ.

— 40ರ ಸಿರಿಂಜಿನಾಗ ಇಪ್ಪತ್ತರ ಗೆರಿ ಅಂದ್ರ ಅರ್ಧ ಎಂಎಲ್. 100ರ ವಯಲ್‌ದಾಗ ಅರ್ಧ ಎಂಎಲ್ ಅಂದ್ರ 50 ಯೂನಿಟ್. ಎರಡೂವರಿ ಪಟ್ಟು ಹೋಗ್ಯಾದ.

— ಆ ಲೆಕ್ಕ ನನಗೂ ಬರ್ತದ. ಬೆಳಗಿನ ತನಕ ಅದನ್ನೇ ಮಾಡೀನಿ.

— ಇರ್ಲಿ. ಈಗ ನಾ ಕೇಳೂದಕ್ಕ ವಿಚಾರ ಮಾಡಿ ಹೇಳು. ಇದರಾಗ ನೀ ಕಣ್ಣಿಲೆ ಕಂಡದ್ದೆಷ್ಟು, ಆಮ್ಯಾಲ ಜೋಡಿಸಿಕೊಂಡದ್ದೆಷ್ಟು?

— ಟ್ರಾಲಿ ಮ್ಯಾಲ ಬಿಚ್ಚಿಟ್ಟ ಕೆಂಪು ಮುಚ್ಚಳ ಕಂಡೀನಿ. ವಯಲ್ ಮ್ಯಾಲ 100 ಅಂತ ಇದ್ದದ್ದು ಮುಂಜಾನಿ ಕಂಡೀನಿ, ಫ್ರಿಜ್ಜಿನಾಗ ಬ್ಯಾರೆ ವಯಲ್ ಇರಲಿಲ್ಲ. ಎಳೆಯೂದು ಮಾತ್ರ ಕಂಡಿಲ್ಲ. ಆಗ ನಾ ಬೆಡ್ ಆರರ ಡ್ರಿಪ್ ಬದಲಿ ಮಾಡ್ಲಿಕತ್ತಿದ್ದೆ.

— ಹಂಗಾದ್ರ ಬರೆಯುವಾಗೂ ಹಂಗೇ ಬರೀಬೇಕು. ಕಂಡದ್ದು ಕಂಡದ್ದಂತ, ಅನುಮಾನ ಅನುಮಾನ ಅಂತ.

— ಬರೀತೀನಿ ಅಂತ ನಾ ಎಲ್ಲಿ ಹೇಳೀನಿ ಅತ್ತಿ? ಅಕ್ಕನ್ನ ಮೆಲ್ಲಗ ಕೇಳ್ದೆ. ಅಜ್ಜ ಊಟ ಕಮ್ಮಿ ಮಾಡ್ಯಾರ, ಅದಕ್ಕ ಇಳದದ, ನೀ ಹೊಸಬಿ, ಭಾಳ ವಿಚಾರ ಮಾಡಬ್ಯಾಡ ಅಂದ್ರು. ಡ್ಯೂಟಿ ಡಾಕ್ಟರ್ರೂ ಹಂಗೇ ಬರದ್ರು. ಮಗನಿಗೂ ಅದನ್ನೇ ಹೇಳಿದ್ರು. ನಾ ಬರದ್ರ ಇವರೆಲ್ಲಾ ಸುಳ್ಳು ಹೇಳ್ಯಾರ ಅಂತ ಬರದಂಗ ಆಗ್ತದ.

— ಇವತ್ತು ರಾತ್ರಿ ಡೋಸ್ ಎಷ್ಟು ಬರದಾರ?

— 12ಕ್ಕ ಇಳಿಸ್ಯಾರ.

— ಯಾಕ ಇಳಿಸಿದ್ರು?

— ಇಪ್ಪತ್ತಕ್ಕ ಅಷ್ಟು ಇಳೀತಲ್ಲ, ಅದಕ್ಕ... ಅಯ್ಯ.

— ನೋಡಿದೇನು? ಅವರ ಮೈಗೆ ಹೋದದ್ದು ಐವತ್ತು, ಕಾಗದದ ಮ್ಯಾಲ ಇರೂದು ಇಪ್ಪತ್ತು. ಡಾಕ್ಟರ್ರು ಕಾಗದ ನೋಡಿ ಇಪ್ಪತ್ತು ಹೆಚ್ಚಾಯ್ತು ಅಂತ ತಿಳಕೊಂಡಾರ. ಕಾಲಿನಾಗ ಗಾಯ ಇದ್ದ ಮನಿಶಾಗ ಇನ್ಸುಲಿನ್ ಕಮ್ಮಿ ಬಿದ್ರ ಸಕ್ಕರಿ ಏರ್ತದ, ಗಾಯ ಮಾಯೂದಿಲ್ಲ. ಬೆರಳು ತಗೀಬೇಕಾಗಿ ಬಂದ್ರ ಅದಕ್ಕೂ ಅಜ್ಜನ ಊಟವೇ ಕಾರಣ ಅಂತ ಬರೀತಾರೇನು? ನಿನ್ನಿ ಆದದ್ದು ಒಂದು ತಪ್ಪು. ಇವತ್ತು ಸುಮ್ಮನಿದ್ರ ಅದು ಎರಡನೇದು, ಮತ್ತ ಎರಡನೇದು ಗೊತ್ತಿದ್ದೂ ಮಾಡಿದ್ದು.

— ನಾ ಇಷ್ಟು ದೂರ ವಿಚಾರ ಮಾಡಿದ್ದಿಲ್ಲ.

— ಆ ಟ್ರೇ?

— ಹಂಗೇ ಅದ.

— ಮುಂಜಾನಿ ಪಾಳಿಯವರಿಗೆ ಹ್ಯಾಂಡೋವರ್‌ದಾಗ ಹೇಳಿದೇನು?

— ಇಲ್ಲ.

— ಹಂಗಾದ್ರ ಮೊದಲ ಫೋನ್ ಹಚ್ಚು. ಡ್ಯೂಟಿ ಡಾಕ್ಟರ್ರಿಗೆ. ಯಾರ ತಪ್ಪು ಅಂತ ಹೇಳೂದು ಬ್ಯಾಡ. ವಯಲ್ 100 ಇತ್ತು, ಸಿರಿಂಜು 40ರದ್ದು ಇದ್ದಂಗದ, ಹೆಚ್ಚು ಹೋಗಿರಬಹುದು, ಡೋಸ್ ಮತ್ತೊಮ್ಮೆ ನೋಡ್ರಿ ಅಂತ ಹೇಳು. ಆಮ್ಯಾಲ ವಾರ್ಡಿಗೆ ಹಚ್ಚಿ, ಮಧ್ಯಾಹ್ನದ ಇನ್ಸುಲಿನ್ ಯಾರಿಗೂ ಕೊಡೂಕಿಂತ ಮೊದಲ ವಯಲ್ ಸಿರಿಂಜು ತಾಳೆ ನೋಡ್ರಿ ಅಂತ ಹೇಳು. ನಮ್ಮ ನಿಮ್ಮ ಮಾತು ಆಮ್ಯಾಲ ಇರ್ಲಿ.

— ಈಗೇನು?

— ಈಗೇ. ನಾ ಚಹಾ ಬಿಸಿ ಮಾಡ್ತೀನಿ.

— ...ಹಚ್ಚಿದೆ ಅತ್ತಿ. ಡಾಕ್ಟರ್ರು ಒಂದಿಷ್ಟು ಹೊತ್ತು ಮಾತಾಡಲೇ ಇಲ್ಲ. ಆಮ್ಯಾಲ, ಸರಿ, ನಾಕು ತಾಸಿಗೊಮ್ಮೆ ಜಿಆರ್‌ಬಿಎಸ್ ನೋಡಿ ಡೋಸ್ ಹಾಕೂಣು ಅಂದ್ರು. ಕಡೀಕ, ಇದನ್ನ ಮತ್ತ ಯಾರಿಗೆ ಹೇಳೀರಿ ಅಂತ ಕೇಳಿದ್ರು. ಆ ಮಾತಿಗೇ ನನ್ನ ಕೈ ತಣ್ಣಗಾಯ್ತು.

— ಆಗೂದೇ. ಆದ್ರ ಅಜ್ಜನ ಇವತ್ತಿನ ರಾತ್ರಿ ಸುರಕ್ಷಿತ ಆಯ್ತು. ಚಹಾ ಕುಡಿ.

— ಇಷ್ಟಕ್ಕೇ ಮುಗಸೂಣಲ್ಲ? ರೋಗಿಗೆ ಬೇಕಾದ್ದು ಆಯ್ತು. ಬರೆಯೂದು ಯಾಕ? ನೀವು ಆ ಅಕ್ಕನ್ನ ನೋಡಿಲ್ಲ ಅತ್ತಿ. ನನಗ ತೆಲುಗು ಬರ್ತಿದ್ದಿಲ್ಲ, ರೋಗಿಗೆ ನೋವು ಎಲ್ಲದ ಅಂತ ಕೇಳೂದು ಆಕಿನೇ ಕಲಿಸಿದ್ದು. ತನ್ನ ಡಬ್ಬಿದಾಗಿನ ಪುಲಿಹೋರ ನನಗ ಹಾಕ್ತಾಳ. ನಿನ್ನಿ ಆಕಿದು ಡಬಲ್ ಡ್ಯೂಟಿ. ಮತ್ತೊಬ್ಬಾಕಿ ರಜಾ ಹಾಕ್ಯಾಳ ಅಂತ ಮುಂಜಾನಿ ಬಂದಾಕಿನ್ನ ರಾತ್ರಿಗೂ ನಿಲ್ಲಿಸ್ಯಾರ. ಅಂಥಾಕಿ ಮ್ಯಾಲ ನಾ ಕಾಗದ ಬರೀಬೇಕೇನು?

— ಆಕಿ ಮ್ಯಾಲ ಬರಿ ಅಂತ ನಾ ಎಲ್ಲಿ ಹೇಳ್ದೆ? ಆಕಿ ಡಬಲ್ ಡ್ಯೂಟಿ ಮಾಡಿದ್ದನ್ನ ಬರಿ ಅಂತೀನಿ. ಟ್ರೇ ಬಗ್ಗೆ ಬರಿ. ಫಾರ್ಮಸಿ ಒಂದು ಮಾತು ಹೇಳದೆ ವಯಲ್ ಬದಲಿಸಿದ್ದನ್ನ ಬರಿ. ನೀ ಬರೀಲಿಲ್ಲ ಅಂದ್ರ ಇದು ನಾಳಿ ಇನ್ನೊಬ್ಬಾಕಿ ಕೈಯಾಗ ಆಗ್ತದ, ಆವತ್ತು ಅಜ್ಜ ಏಳದಿದ್ರ ಎಲ್ಲಾ ಹೊರೆ ಆ ಒಬ್ಬಾಕಿ ತಲಿ ಮ್ಯಾಲ ಬೀಳ್ತದ. ಈ ಊರಾಗೇ ಆಗ್ಯಾದ. 2019ರ ಮಾರ್ಚ್, ನಾಂಪಲ್ಲಿ ಹೆಲ್ತ್ ಸೆಂಟರ್. ನಿನಗ ನೆನಪದೇನು?

— ಅವಾಗ ನಾ ಊರಾಗಿದ್ದೆ. ಲಸಿಕಿ ಸಂಗತಿ ಅಲ್ಲೇನು?

— ಲಸಿಕಿ ಸರಿನೇ ಇತ್ತು. ಕೂಸುಗಳಿಗೆ ಪೆಂಟಾವ್ಯಾಲೆಂಟ್ ಹಾಕಿ, ಜ್ವರ ಬಂದ್ರ ಕೊಡ್ರಿ ಅಂತ ತಾಯಂದಿರ ಕೈಯಾಗ ಗುಳಿಗಿ ಕೊಟ್ಟು ಕಳಿಸ್ಯಾರ. ಪ್ಯಾರಾಸಿಟಮಾಲ್ ಕೊಡೂದಿತ್ತು, ಕೊಟ್ಟದ್ದು ಟ್ರಮಡಾಲ್. ದೊಡ್ಡವರಿಗೆ ಆಪರೇಷನ್ ಆದ ಮ್ಯಾಲ ಕೊಡುವ ನೋವಿನ ಔಷಧ, ಅಫೀಮಿನ ಬಳಗದ್ದು. ಹಾಲು ಕುಡಿಯುವ ಕೂಸಿಗೆ ಉಸಿರೇ ನಿಧಾನ ಆಗ್ತದ. ತಾಯಂದಿರು ಒಬ್ಬರ ಹಿಂದ ಒಬ್ಬರು ನಿಲೋಫರ್ ದವಾಖಾನಿಗೆ ಓಡಿದ್ರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಎರಡು ಕೂಸು ಉಳೀಲಿಲ್ಲ. ಎರಡೂ ಗುಳಿಗಿಯ ಸ್ಟ್ರಿಪ್ ನೋಡಲಿಕ್ಕ ಒಂದೇ ಥರ ಇದ್ವು ಅಂತ ಆಮ್ಯಾಲ ಬಂತು.

— ಕೊಟ್ಟವರಿಗೆ ಏನಾಯ್ತು?

— ಸಿಬ್ಬಂದಿ ಮ್ಯಾಲ ಕ್ರಮ ಆಯ್ತು. ಪೇಪರಿನಾಗ ಎಲ್ಲಾರೂ ಅದನ್ನೇ ಓದಿದ್ರು. ನಾ ಇವತ್ತಿಗೂ ವಿಚಾರ ಮಾಡೂದು ಬ್ಯಾರೆ. ಒಂದೇ ಥರ ಕಾಣುವ ಎರಡು ಸ್ಟ್ರಿಪ್ ಒಂದೇ ಕಡೆ ಇರೂದು ಎಷ್ಟು ಸೆಂಟರಿನಾಗ, ಎಷ್ಟು ದವಾಖಾನಿದಾಗ ಇರ್ತದ. ಎಷ್ಟು ಮಂದಿ ಕೈಯಾಗ ತಪ್ಪು ಸ್ಟ್ರಿಪ್ ಹಿಡದು, ಹೆಸರು ಓದಿ, ಎದಿ ಧಸಕ್ಕಂದು, ಹಿಂದಕ ಇಟ್ಟಿರ್ತಾರ. ಯಾರಿಗೂ ಏನೂ ಆಗಲಿಲ್ಲ ಅಂತ ಸುಮ್ಮನಾಗಿರ್ತಾರ. ಅದನ್ನ ಒಂದು ಸಾಲು ಬರದಿಟ್ರ ಮುಂದಿನಾಕಿ ಉಳೀತಾಳ, ಮುಂದಿನ ಕೂಸೂ ಉಳೀತದ. ತಪ್ಪಿ ಉಳಿದದ್ದನ್ನ ಬರೆಯೂದೇ ನಮ್ಮ ಕೆಲಸದಾಗ ಎಲ್ಲಕ್ಕಿಂತ ಅಗ್ಗದ ಔಷಧ ನೋಡು, ಮತ್ತ ಅದನ್ನೇ ಯಾರೂ ಕೊಡೂದಿಲ್ಲ.

— ಬರದಾಕಿ ಉಳೀತಾಳೇನು ಅತ್ತಿ? ಅಮೆರಿಕದ ಆ ನರ್ಸ್ ಕಥಿ ನಮ್ಮ ಬ್ಯಾಚಿನವರಿಗೆಲ್ಲಾ ಬಾಯಿಪಾಠ ಅದ. ರಡೊಂಡಾ ವಾಟ್. 2017ರ ಡಿಸೆಂಬರ್, ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ಆಸ್ಪತ್ರಿ. ಸ್ಕ್ಯಾನಿಗೆ ಅಂಜಿದ ಹಿರಿಯ ಹೆಣ್ಣುಮಗಳಿಗೆ ಅಂಜಿಕಿ ಇಳಿಸುವ ವರ್ಸೆಡ್ ಕೊಡಬೇಕಿತ್ತು. ಔಷಧಿ ಕಪಾಟಿನ ಮಶೀನಿನಾಗ ಮೊದಲ ಎರಡಕ್ಷರ ಒತ್ತಿದ್ರ ವೆಕ್ಯುರೋನಿಯಂ ಬಂತು. ಸ್ನಾಯು ಎಲ್ಲಾ ಸ್ತಬ್ಧ ಮಾಡುವ ಔಷಧ, ಉಸಿರಿಂದೂ ಸೈತ. ಆ ಹೆಣ್ಣುಮಗಳು ಉಳೀಲಿಲ್ಲ. ತಪ್ಪು ನನ್ನದೇ ಅಂತ ಆ ನರ್ಸ್ ತಾನೇ ಒಪ್ಪಿಕೊಂಡ್ಳು. ನೌಕರಿ ಹೋಯ್ತು, ಲೈಸೆನ್ಸ್ ಹೋಯ್ತು, 2022ರಾಗ ಕೋರ್ಟಿನಾಗ ಅಪರಾಧಿ ಆದ್ಳು. ಜೈಲು ತಪ್ಪಿ ಮೂರು ವರ್ಷ ಪ್ರೊಬೇಷನ್ ಸಿಕ್ತು, ಅದೇ ದೊಡ್ಡದು.

— ಆಕಿ ಮಶೀನಿನ ಎಚ್ಚರಿಕಿ ದಾಟಿಕೊಂಡು ಹೋಗಿದ್ದೂ ಖರೆ. ಆದ್ರ ಕಥಿ ಪೂರಾ ಹೇಳು. ಆಸ್ಪತ್ರಿ ಏನು ಮಾಡ್ತು? ಸಾವಿಗೆ ಮೆದುಳಿನ ರಕ್ತಸ್ರಾವ ಕಾರಣ ಅಂತ ತಿಳಿಸಿ, ಔಷಧದ ಸುದ್ದಿ ಹೊರಗ ಬಿಡಲಿಲ್ಲ. 2018ರಾಗ ಯಾರೋ ಹೆಸರಿಲ್ಲದೆ ದೂರು ಕೊಟ್ಟ ಮ್ಯಾಲ ಕೇಂದ್ರ ಸರ್ಕಾರದ ತಪಾಸಣಿ ಬಂತು. ಹೇಳಿದಾಕಿ ಕಟಕಟಿದಾಗ ನಿಂತ್ಳು, ಮುಚ್ಚಿಟ್ಟವರು ಯಾರೂ ನಿಲ್ಲಲಿಲ್ಲ. ಇದಕ್ಕ ನಿನಗ ಸಿಟ್ಟು ಬರಬೇಕು. ಅಂಜಿಕಿ ಬರ್ತದ ಅಂದ್ರ ಅದು ಮುಚ್ಚಿಟ್ಟವರಿಗೆ ಲಾಭ.

— ಸಿಟ್ಟು ಬಂದ್ರ ಬಾಡಿಗಿ ಕಟ್ಟಲಿಕ್ಕ ಆಗೂದಿಲ್ಲ. ನಮ್ಮಲ್ಲಿ ಕಾಯ್ದೆ ಏನು ಕಮ್ಮಿ? 2024ರ ಜುಲೈಲಿಂದ ಹೊಸ ನ್ಯಾಯ ಸಂಹಿತೆ, ಕಲಂ 106. ನಿರ್ಲಕ್ಷ್ಯದಿಂದ ಸಾವಾದ್ರ ಐದು ವರ್ಷದ ತನಕ ಶಿಕ್ಷಾ. ನೋಂದಾಯಿತ ವೈದ್ಯರು ಚಿಕಿತ್ಸಾ ಮಾಡುವಾಗ ಆದ್ರ ಎರಡು ವರ್ಷದ ತನಕ. ಆ ರಿಯಾಯಿತಿ ಡಾಕ್ಟರ್ರಿಗೆ, ನರ್ಸಿಗಿಲ್ಲ. ಒಂದೇ ಹಾಸಿಗಿ ಮುಂದ ಇಬ್ಬರು ನಿಂತಿರ್ತೀವಿ.

— ಅದು ಅನ್ಯಾಯ. ಅದಕ್ಕ ನನ್ನ ಹತ್ರ ಎದುರು ಮಾತಿಲ್ಲ. ನರ್ಸುಗಳ ಸಂಘದವರು ಬೀದಿಗಿಳದು ಕೇಳಬೇಕಾದ ಮಾತು ಅದು. ಇಷ್ಟು ಮಾತ್ರ ಹೇಳ್ತೀನಿ, 2005ರಾಗ ಸುಪ್ರೀಂ ಕೋರ್ಟ್ ಜೇಕಬ್ ಮ್ಯಾಥ್ಯೂ ಪ್ರಕರಣದಾಗ ಎಲ್ಲಾ ತಪ್ಪೂ ಅಪರಾಧ ಅಲ್ಲ ಅಂತ ಹೇಳ್ಯಾದ. ಲುಧಿಯಾನಾದ ಆಸ್ಪತ್ರಿ, ಉಸಿರು ಕಟ್ಟಿದ ರೋಗಿಗೆ ತಂದು ಹಚ್ಚಿದ ಆಕ್ಸಿಜನ್ ಸಿಲಿಂಡರ್ ಖಾಲಿ ಇತ್ತು. ಅಂಥಾದ್ರಾಗೂ ಕೋರ್ಟ್, ಕ್ರಿಮಿನಲ್ ಕೇಸ್ ಹಾಕಬೇಕಂದ್ರ ನಿರ್ಲಕ್ಷ್ಯ ಘೋರ ಇರಬೇಕು ಅಂತು. ಮತ್ತ ಇಲ್ಲಿ ಅಜ್ಜ ಬದುಕ್ಯಾರ. ಬದುಕಿರುವಾಗ ಬರೆಯೂದು ಸುಲಭ. ಸತ್ತ ಮ್ಯಾಲ ಬರದದ್ದನ್ನ ಪೊಲೀಸರು ಓದ್ತಾರ.

— ಅಕ್ಕ ಹದಿನೈದು ವರ್ಷದಿಂದ ಕೊಟ್ಟೀನಿ, ನನಗ ಸಿರಿಂಜು ತಿಳೀಲಾರದೇನು ಅಂದ್ರು. ಎದುರು ನಾ ಏನು ಹೇಳಲಿ?

— ಆ ಹದಿನೈದು ವರ್ಷವೂ 40ರ ವಯಲ್ ಇತ್ತು. ಕೈಗೆ ರೂಢಿ ಆಗ್ಯಾದ. ಟ್ರೇ ಬದಲಾದದ್ದು ಹೊಸಬಳ ಕಣ್ಣಿಗೇ ಮೊದಲ ಕಾಣೂದು. ಹೊಸಬಿ ಅಂತ ನಿನ್ನ ಬಾಯಿ ಮುಚ್ಚಿಸಿದ್ರಲ್ಲ, ಹೊಸಬಿ ಅಂತಲೇ ನಿನಗ ಕಂಡದ್ದು. ಹಿರಿಯರ ಖಾತ್ರಿ ಎಷ್ಟು ದೊಡ್ಡ ಅಪಾಯ ಅನ್ನೂದಕ್ಕ ಹೈದರಾಬಾದಿಗಿಂತ ಬ್ಯಾರೆ ಸಾಕ್ಷಿ ಬ್ಯಾಡ. ಅಫ್ಜಲ್‌ಗಂಜ್ ಆಸ್ಪತ್ರಿ ಅಂತ ಇತ್ತು, 1908ರ ಮೂಸಿ ಪ್ರವಾಹಕ್ಕ ಹೋಯ್ತು, ಆಮ್ಯಾಲ ಉಸ್ಮಾನಿಯಾ ಬಂತು. ಆ ಹಳೇ ಅಫ್ಜಲ್‌ಗಂಜ್ ಆಸ್ಪತ್ರಿದಾಗ ಎಡ್ವರ್ಡ್ ಲಾರಿ ಅಂತ ದೊಡ್ಡ ಸರ್ಜನ್ ಇದ್ರು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವು ರೋಗಿಗಳು ಸಾಯ್ತಿದ್ರು. ಯಾಕ ಅಂತ ನೋಡಲಿಕ್ಕ ನಿಜಾಮರ ರೊಕ್ಕದಾಗ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗ ಕೂತ್ವು. ಎರಡನೇದಕ್ಕ ಲಂಡನ್ನಿಂದ ಲಾಡರ್ ಬ್ರಂಟನ್ ಬಂದಿದ್ರು. ಲಾರಿ ಸಾಹೇಬರ ಪಾಠ ಒಂದೇ: ಉಸಿರು ನೋಡ್ರಿ, ನಾಡಿ ನೋಡೂದು ಬ್ಯಾಡ. ಹೃದಯಕ್ಕ ಅದರಿಂದ ನೇರವಾಗಿ ಏನೂ ಆಗೂದಿಲ್ಲ ಅಂತ ಅವರ ನಂಬಿಗಿ. 1911ರಲ್ಲಿ ಗುಡ್‌ಮನ್ ಲೆವಿ ಅನ್ನಾವರು ಕ್ಲೋರೋಫಾರ್ಮ್ ಹೃದಯವನ್ನೇ ತಟ್ಟನೆ ನಿಲ್ಲಸ್ತದ ಅಂತ ತೋರಿಸಿದ್ರು. ಆ ನಡುವಿನ ಇಪ್ಪತ್ತು ವರ್ಷದಾಗ ಎಷ್ಟು ಮಂದಿ ನಾಡಿ ಮ್ಯಾಲ ಬೆರಳಿಟ್ಟು ಏನೋ ತಪ್ಪಿದಂಗ ಅನಿಸಿದ್ರೂ, ಸಾಹೇಬರು ಹೇಳ್ಯಾರ ಅಂತ ಕೈ ತಗದಿರಬಹುದು ಅಂತ ನಾ ಭಾಳ ಸಲ ಯೋಚನಿ ಮಾಡೀನಿ.

— ನೀವು ಎಲ್ಲಿಂದೆಲ್ಲಿಗೋ ಹೋಗ್ತೀರಿ ಅತ್ತಿ.

— ಹೋಗ್ತೀನಿ, ಯಾಕಂದ್ರ ನೀ ಇದನ್ನ ನಿಮ್ಮ ವಾರ್ಡಿನ ಜಗಳ ಅಂತ ತಿಳಕೊಂಡಿ. ಇರ್ಲಿ, ನಿಮ್ಮ ಆಸ್ಪತ್ರಿ ಗೋಡಿಗೆ ಎನ್‌ಎಬಿಎಚ್ ಗುಣಮಟ್ಟದ ಪ್ರಮಾಣಪತ್ರ ಅದೇನು?

— ರಿಸೆಪ್ಷನ್ನಿನಾಗ ದೊಡ್ಡದು ಅದ.

— ಹಂಗಾದ್ರ ಇನ್ಸಿಡೆಂಟ್ ರಿಪೋರ್ಟ್ ಫಾರ್ಮ್ ಇರಲೇಬೇಕು. ಆ ಪ್ರಮಾಣಪತ್ರದ ನಿಯಮದಾಗೇ ಅದ. ಕ್ವಾಲಿಟಿ ನೋಡಿಕೊಳ್ಳುವವರು ಒಬ್ಬರು ಇರ್ತಾರ, ಅವರ ಹತ್ರ ಕೇಳು. ಒಂದೂ ಘಟನಿ ಬರೀಲಾರದ ರಿಜಿಸ್ಟರ್ ಕಂಡ್ರ ತಪಾಸಣಿಯವರಿಗೇ ಅನುಮಾನ ಬರ್ತದ. ಅಷ್ಟು ರೋಗಿ ನೋಡುವ ಜಾಗಾದಾಗ ಒಂದೂ ತಪ್ಪಿಲ್ಲ ಅಂದ್ರ ಬರೆಯೂದಿಲ್ಲ ಅಂತಲೇ ಅರ್ಥ.

— ಒಳಗ ಬರದದ್ದು ಒಳಗೇ ಹೂತು ಹೋದ್ರ? ಹೊರಗ ಹೇಳಲಿಕ್ಕ ಜಾಗಾ ಇಲ್ಲೇನು? ಕ್ಲಾಸಿನಾಗ ಒಂದು ನಂಬರ್ ಕೊಟ್ಟಿದ್ರು.

— 1800-180-3024. ಅದು ಔಷಧದಿಂದಲೇ ಕೆಟ್ಟ ಪರಿಣಾಮ ಆಗ್ಯಾದ ಅನ್ನುವ ಅನುಮಾನಕ್ಕ. ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗದವರು ನಡಸ್ತಾರ, ನರ್ಸೂ ಹೇಳಬಹುದು. 2024ರ ನವೆಂಬರಿನಾಗ ಬಳ್ಳಾರಿದಾಗ ಸಿಸೇರಿಯನ್ ಆದ ಐದು ಮಂದಿ ಬಾಣಂತೇರು ತೀರಿಕೊಂಡ್ರಲ್ಲ, ಸಲಾಯಿನ್ ಬಾಟ್ಲಿ ಮ್ಯಾಲೇ ಅನುಮಾನ ಬಂತು. ಆ ಬಾಟ್ಲಿ ಮಾಡಿದ ಕಂಪನಿ ಮಾಲಿನ ಬಗ್ಗೆ ಕರ್ನಾಟಕದಾಗ ಮೊದಲೇ ತಕರಾರಿತ್ತು. ಅಂಥಾದ್ದು ಕಂಡ್ರ ಬಾಟ್ಲಿ ಒಗೀಬಾರದು, ಬ್ಯಾಚ್ ನಂಬರ್ ಬರಕೊಂಡು ಆ ಹಾದಿ ಹಿಡೀಬೇಕು. ನಿಮ್ಮದು ಔಷಧದ ದೋಷ ಅಲ್ಲ, ನಿಮ್ಮ ಮನಿದು. ಮೊದಲ ಮನಿದಾಗ ಹೇಳು.

— ಮನಿಯವರು ಹೊರಗ ಹಾಕಿದ್ರ? ನಿಮಗ ಪೆನ್ಷನ್ ಬರ್ತದ ಅತ್ತಿ. ನನ್ನ ಡಿಪ್ಲೊಮಾ, ಕೌನ್ಸಿಲ್ ರಿಜಿಸ್ಟ್ರೇಷನ್, ಎಲ್ಲಾ ಅಸಲಿ ಕಾಗದ ಅವರ ಕಪಾಟಿನಾಗ ಅವ. ಮುಂಚೆ ಬಿಟ್ರ ರೊಕ್ಕ ಕಟ್ಟಬೇಕು ಅಂತ ಬಾಂಡ್ ಬರಸಿಕೊಂಡಾರ. ಸರ್ಕಾರಿ ನೌಕರರ ಮ್ಯಾಲ ದೂರು ಕೊಟ್ಟವರಿಗೆ ರಕ್ಷಣಾ ಕೊಡೂದು ಅಂತ 2014ರಾಗ ಮಾಡಿದ ಕಾಯ್ದೆಯೇ ಜಾರಿಗೆ ಬಂದಿಲ್ಲ, ಖಾಸಗಿ ಆಸ್ಪತ್ರಿ ನರ್ಸಿನ್ನ ಯಾರು ಕಾಯ್ತಾರ?

— ಖರೆ. ನೀ ಹೇಳಿದ್ದು ಎಲ್ಲಾ ಖರೆ. ನೌಕರಿ ಹೋದ್ರ ಹೋಗ್ಲಿ ಅಂತ ನಾ ಹೇಳೂದಿಲ್ಲ. ಅಪ್ಪ ಹೊಲ ಒತ್ತಿ ಇಟ್ಟು ನಿನ್ನ ಓದಿಸ್ಯಾನ ಅನ್ನೂದು ನನಗ ಗೊತ್ತದ. ಅದಕ್ಕೇ ಹ್ಯಾಂಗ ಬರೀಬೇಕು ಅನ್ನೂದು ಮುಖ್ಯ. ಒಬ್ಬಾಕಿ ಹೆಸರಿಡಬ್ಯಾಡ, ವಿಶೇಷಣ ಹಚ್ಚಬ್ಯಾಡ, ನಿರ್ಲಕ್ಷ್ಯ ಅನ್ನೂ ಮಾತು ಎಲ್ಲೂ ಬರಬಾರದು. ಪ್ರತಿ ಇಟ್ಕೋ, ಕೊಟ್ಟದ್ದಕ್ಕ ಸಹಿ ತಗೋ. ಕಾಗದದ ಮಾತು ಬಂದ್ರ ನಾ ನಿನ್ನ ಜೋಡಿ ಬಂದು ಕೂಡ್ತೀನಿ, ಅಷ್ಟು ನನ್ನ ಕೈಲಾಗ್ತದ. ಪೆನ್ನು ತಗೋ.

— ಹೇಳ್ರಿ.

— ನೀನೇ ಹೇಳು. ನಿನ್ನ ವಾರ್ಡು.

— ನಿನ್ನೆ ರಾತ್ರಿ, ಪುರುಷರ ವಾರ್ಡ್. 40 ಐಯು ಇನ್ಸುಲಿನ್ ಇಲ್ಲದ ಕಾರಣ 100 ಐಯು ವಯಲ್ ಪೂರೈಕೆಯಾಗಿತ್ತು. ಬದಲಾವಣೆಯ ಸೂಚನೆ ವಾರ್ಡಿಗೆ ಬಂದಿರಲಿಲ್ಲ. ಎರಡೂ ಬಗೆಯ ಸಿರಿಂಜುಗಳು ಒಂದೇ ಟ್ರೇಯಲ್ಲಿದ್ದವು. ಬೆಡ್ 11ರ ರೋಗಿಗೆ 40ರ ಸಿರಿಂಜಿನಿಂದ 100ರ ಇನ್ಸುಲಿನ್ ಹೋಗಿರುವ ಸಾಧ್ಯತೆ ಇದೆ. ಟ್ರಾಲಿಯ ಮೇಲೆ ಕೆಂಪು ಮುಚ್ಚಳ ನಾನು ಕಂಡಿದ್ದೇನೆ, ಔಷಧ ಎಳೆದದ್ದನ್ನು ಕಂಡಿಲ್ಲ. ಮಧ್ಯರಾತ್ರಿ 12.30ಕ್ಕೆ ಜಿಆರ್‌ಬಿಎಸ್ 38.

— ಚಲೋ ಅದ. ಆ ರಾತ್ರಿ ವಾರ್ಡಿನಾಗ ಎಷ್ಟು ರೋಗಿ, ಎಷ್ಟು ಸಿಸ್ಟರ್ ಅಂತ ಹಾಕು. ಒಬ್ಬರು ಎರಡನೇ ಪಾಳಿದಾಗಿದ್ರು ಅಂತ ಹಾಕು. ಇನ್ನ ಬೇಡಿಕಿ. ವಯಲ್ ಜೋಡಿ ಅದರ ಸಿರಿಂಜೂ ಒಂದೇ ಡಬ್ಬಿದಾಗ ಬರಬೇಕು, ಬ್ಯಾರೆದ್ದು ವಾರ್ಡಿನಿಂದ ಹೋಗಬೇಕು. ಇನ್ಸುಲಿನ್ ಎಳದ ಮ್ಯಾಲ ಇನ್ನೊಬ್ಬರು ನೋಡಿ ಸಹಿ ಮಾಡಬೇಕು. ಮತ್ತ ರೋಗಿ ಮನಿಯವರಿಗೆ ಹಿರಿಯ ಡಾಕ್ಟರ್ರು ಕೂತು ಹೇಳಬೇಕು. ಆ ಅಜ್ಜ ಮನಿಗೆ ಹೋಗಿ ಇನ್ಸುಲಿನ್ ತಗೋಳ್ಳಲಿಕ್ಕೇ ಅಂಜಿ ಬಿಟ್ರ ಏನು ಗತಿ?

— ಆ ಕಡೀದನ್ನ ಅವರು ಒಪ್ಪೂದಿಲ್ಲ.

— ಒಪ್ಪಲಿಕ್ಕಿಲ್ಲ. ಬರಿ. ಬರದ ಮ್ಯಾಲ, ಕೊಡೂಕಿಂತ ಮೊದಲ, ಆ ಅಕ್ಕಗ ಫೋನ್ ಹಚ್ಚಿ ಓದಿ ಹೇಳು.

— ಆಕಿಗಾ? ವಯಲ್ ಮರಿ ಮಾಡಿದ್ರ?

— ಮಾಡಬಹುದು. ಆದ್ರ ಆಕಿ ಬೆನ್ನ ಹಿಂದ ಕೊಟ್ರ ಇದು ಚಾಡಿ ಆಗ್ತದ, ಮುಂದ ಆ ವಾರ್ಡಿನಾಗ ಯಾರೂ ನಿನ್ನ ಎದುರು ಬಾಯಿ ಬಿಡೂದಿಲ್ಲ. ಅದು ರೋಗಿಗೆ ಇನ್ನೂ ಕೆಡಕು. ನಿನಗ ತೆಲುಗು ಕಲಿಸಿದಾಕಿ ಅಂತೀದಿ, ಅಷ್ಟು ಋಣ ತೀರ್ಸು.

— ...ಹಚ್ಚಿದೆ. ಮೊದಲ ಜೋರು ಮಾಡಿದ್ರು. ನನ್ನ ಮಕ್ಕಳ ಹೊಟ್ಟಿ ಮ್ಯಾಲ ಕಾಲಿಡ್ತೀ ಅಂದ್ರು. ನಾ ಏನೂ ಅನ್ನಲಿಲ್ಲ, ಓದಿದೆ. ಎರಡನೇ ಪಾಳಿ ಅನ್ನುವ ಸಾಲಿಗೆ ಸುಮ್ಮನಾದ್ರು. ಮತ್ತೊಮ್ಮೆ ಓದು ಅಂದ್ರು.

— ಆಮ್ಯಾಲ?

— ಸಹಿ ಹಾಕೂದಿಲ್ಲ ಅಂದ್ರು. ನನ್ನ ಹೆಸರು ಎಲ್ಲಿ ಬಂದ್ರೂ ನೋಡು ಅಂದ್ರು. ಫೋನ್ ಇಡೂ ಮುಂದ, ಐಸಿಯುದಾಗೂ ನಿನ್ನಿ 100ರ ವಯಲ್ಲೇ ಹೋಗ್ಯಾವ, ಅಲ್ಲಿ ಕಿತ್ತಳೆ ಸಿರಿಂಜು ಕಳಿಸೇ ಇಲ್ಲ, ಅದನ್ನೂ ಬರಿ ಅಂದ್ರು.

— ಐಸಿಯುಕ್ಕ ಈಗೇ ಫೋನ್ ಹಚ್ಚು. ಬರೆಯೂದು ಆಮ್ಯಾಲ.